ಬೆನ್ನುಮೀಮಾಂಸೆ: ಕರ್ಜಗಿ ಸೀಮೆಯ ಫೋಟೋ ತಾಣಗಳ ಲಕ್ಷಣವಿಚಾರ

ಯಾವ ವಸ್ತುವಿಗೆ ಬೆನ್ನು ಕೊಟ್ಟು ನಿಂತಾಗ ಮನುಷ್ಯನ ಮುಖವು ತನ್ನ ನಿತ್ಯದ ಸ್ಥಿತಿಗಿಂತ ತುಸು ಮೇಲಾಗಿ ಕಾಣುತ್ತದೆಯೋ, ಆ ವಸ್ತುವಿರುವ ಜಾಗವೇ ಫೋಟೋ ತಾಣ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ, ಅಂದರೆ ಬೇಡದ್ದನ್ನೂ ಒಳಗೆ ಬಿಟ್ಟುಕೊಳ್ಳುವ ದೋಷ, ತಟ್ಟುವುದಿಲ್ಲ; ಏಕೆಂದರೆ ಹೊತ್ತು ಮುಳುಗುವವರೆಗೆ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರುವ ಹಿರಿಯರ ಮುಖವು ಅದರಿಂದ ಮೇಲಾದ ದಾಖಲೆ ಇಲ್ಲದಿರುವುದರಿಂದ ಗೋಡೆಯು ತಾನಾಗಿಯೇ ಹೊರಗೆ ಉಳಿಯುತ್ತದೆ. ಕ್ಷೇತ್ರಕ್ಕೂ ತಾಣಕ್ಕೂ ಇರುವ ಭೇದವೂ ಇದೇ ಸೂತ್ರದಿಂದ ತಿಳಿಯುತ್ತದೆ: ಕ್ಷೇತ್ರದಲ್ಲಿ ಜನ ಮುಖ ಮಾಡಿ ನಿಲ್ಲುತ್ತಾರೆ, ತಾಣದಲ್ಲಿ ಬೆನ್ನು ಮಾಡಿ ನಿಲ್ಲುತ್ತಾರೆ. ಒಂದೇ ಸ್ಥಳವು ಬೆಳಿಗ್ಗೆ ಕ್ಷೇತ್ರವಾಗಿದ್ದು ಸಂಜೆ ತಾಣವಾಗಬಹುದು ಎಂಬುದನ್ನು ಮುಂದೆ ನಿರೂಪಿಸಲಾಗುವುದು.

ಈ ಪ್ರಬಂಧದ ವ್ಯಾಪ್ತಿಯು ವರದಾ ನದಿಯ ದಂಡೆಯ ಕರ್ಜಗಿಯನ್ನು ನಡುವಿಟ್ಟುಕೊಂಡು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳವರೆಗೆ, ಅವಶ್ಯ ಬಿದ್ದಲ್ಲಿ ಸವಣೂರಿನವರೆಗೆ, ಒಂದೇ ದಿನದಲ್ಲಿ ಬಾಡಿಗೆ ಕಾರು ಹೋಗಿ ಬರಬಹುದಾದಷ್ಟು ಹರಡಿಕೊಂಡಿದೆ. ಕರ್ಜಗಿಯನ್ನೇ ಕೇಂದ್ರವಾಗಿ ಆರಿಸಿದ್ದಕ್ಕೆ ಐತಿಹಾಸಿಕ ಕಾರಣವುಂಟು. ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ ಕರ್ಜಗಿ ಎಂಬ ತಾಲೂಕೇ ಇತ್ತು. ಆದರೆ ಅದರ ಕಚೇರಿ ಇದ್ದದ್ದು ಹಾವೇರಿಯಲ್ಲಿ. ಹೆಸರು ಒಂದೂರಿನದು, ಕುರ್ಚಿ ಇನ್ನೊಂದೂರಿನದು ಎಂಬ ಈ ವ್ಯವಸ್ಥೆಯಲ್ಲಿ ಸರ್ಕಾರವು ತಾನು ಹೆಸರಿಸಿದ ಊರಿಗೇ ಬೆನ್ನು ಕೊಟ್ಟು ಕೂತಿತ್ತಾದ್ದರಿಂದ, ನಮ್ಮ ಸೂತ್ರದ ಪ್ರಕಾರ ಕರ್ಜಗಿಯು ಈ ಸೀಮೆಯ ಆದಿತಾಣವೆಂದು ಸಿದ್ಧವಾಗುತ್ತದೆ. 1997ರಲ್ಲಿ ಹಾವೇರಿ ಜಿಲ್ಲೆಯೇ ಆಯಿತು. ಕರ್ಜಗಿ ರೈಲು ನಿಲ್ದಾಣದ ಫಲಕದ ಮೇಲೆ ತನ್ನ ಹೆಸರನ್ನು ಉಳಿಸಿಕೊಂಡು ನದಿಯ ಮಗ್ಗುಲಲ್ಲಿ ಇದ್ದಂತೆಯೇ ಇದೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪೂರ್ವಪಕ್ಷವೆಂದರೆ ಸಿದ್ಧಾಂತಿಯು ಆಮೇಲೆ ಖಂಡಿಸಲು ಅನುಕೂಲವಾಗುವಂತೆ ಮೊದಲೇ ಏರ್ಪಡಿಸಿಕೊಳ್ಳುವ ಆಕ್ಷೇಪ. ಮದುವೆಗೆ ಮುಂಚೆ ವಧುವರರನ್ನು ಹೊಳೆ, ಗುಡಿ, ಹೊಲಗಳಿಗೆ ಕರೆದೊಯ್ದು ಚಿತ್ರ ತೆಗೆಸುವ, ಜನರ ಬಾಯಲ್ಲಿ ಪ್ರಿ ವೆಡ್ಡಿಂಗ್ ಎನಿಸಿಕೊಂಡಿರುವ ಸಂಸ್ಕಾರವು ಇತ್ತೀಚಿನ ಚಾಳಿಯೇ ಹೊರತು ಶಾಸ್ತ್ರಸಮ್ಮತವಲ್ಲ ಎಂಬುದು ಆಕ್ಷೇಪ. ಇದು ನಿಲ್ಲುವುದಿಲ್ಲ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳನ್ನು ಹೇಳಿದ್ದಾನೆ. ನಮ್ಮ ಚಂಪೂ ಕವಿಗಳು ಅವನ್ನು ಅಷ್ಟಾದಶ ವರ್ಣನೆ, ಅಂದರೆ ಹದಿನೆಂಟು ವರ್ಣನೆಗಳು ಎಂದು ತಲೆಯ ಮೇಲೆ ಹೊತ್ತು ಪಾಲಿಸಿದ್ದಾರೆ. ನಗರ, ಸಮುದ್ರ, ಪರ್ವತ, ಋತು, ಸೂರ್ಯಚಂದ್ರರ ಉದಯ, ಉದ್ಯಾನವಿಹಾರ, ಜಲಕ್ರೀಡೆ, ವಿರಹ, ವಿವಾಹ, ದೂತ, ಪ್ರಯಾಣ, ಯುದ್ಧ ಮುಂತಾಗಿ ಸಾಗುವ ಆ ಪಟ್ಟಿಯನ್ನೂ, ಹಾವೇರಿಯ ಯಾವುದೇ ಸ್ಟುಡಿಯೋದಲ್ಲಿ ಕಟ್ಟಿಸಿದ ಮದುವೆ ಆಲ್ಬಮ್ಮನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಆಲ್ಬಮ್ಮು ಮಹಾಕಾವ್ಯದ ಇಂದಿನ ರೂಪವೆಂಬುದರಲ್ಲಿ ಸಂದೇಹ ಉಳಿಯದು. ಬಾಡಿಗೆ ಕಾರು ಪ್ರಯಾಣವರ್ಣನೆ. ಬೆಳಕು ತಿರುಗಿಸುವ ಬೆಳ್ಳಿ ಹಾಳೆಯನ್ನು ಹಿಡಿದು ಬಿಸಿಲಲ್ಲಿ ನಿಲ್ಲುವ ಹುಡುಗ ದೂತ. ಖರ್ಚು ಯಾರ ಕಡೆಯದು ಎಂದು ಬೀಗರು ಫೋನಿನಲ್ಲಿ ನಡೆಸುವ ಮಾತುಕತೆ ಮಂತ್ರಾಲೋಚನೆ. ಮಧುಪಾನದ ಸ್ಥಾನದಲ್ಲಿ ಸಂಗೂರಿನ ಸುತ್ತಲ ಕಬ್ಬಿನ ಸೀಮೆಗೆ ಒಪ್ಪುವಂತೆ ಒಂದು ಗ್ಲಾಸಿಗೆ ಎರಡು ಪೈಪು ಹಾಕಿದ ಕಬ್ಬಿನ ಹಾಲು ಬಂದಿದೆ. ಸಂಭೋಗ ಶೃಂಗಾರವು ಮರ್ಯಾದಸ್ಥ ಮನೆತನಗಳಲ್ಲಿ ಹಣೆಗೆ ಹಣೆ ತಾಗಿಸುವಲ್ಲಿಗೆ ಮುಗಿಯುತ್ತದೆ. ವಿವಾಹವೊಂದು ಮಾತ್ರ ಕಡೆಗೆ ಬೀಳುವುದರಿಂದ ಕ್ರಮಭಂಗವೆಂಬ ಸಣ್ಣ ದೋಷವಿದೆ. ಹಾಲ್ ಸಿಕ್ಕ ತಾರೀಖಿನ ಮೇಲೆ ಅದು ನಿಂತಿರುವುದರಿಂದ ಕ್ಷಮ್ಯ.

ಮೊದಲು ನದಿಯ ವಿಚಾರ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ ಬನವಾಸಿಯನ್ನು ಹಾಯ್ದು ಬರುವ ವರದೆಯು ಕರ್ಜಗಿಗೆ ಬರುವ ಹೊತ್ತಿಗೆ ಮಲೆನಾಡಿನ ಬಿಂಕ ಬಿಟ್ಟು, ಬೇಸಿಗೆಯಲ್ಲಿ ಎಮ್ಮೆಗಳ ಬೆನ್ನು ಮುಳುಗಿದರೆ ಸಾಕೆನ್ನುವಷ್ಟು ಸಾಧುವಾಗಿರುತ್ತಾಳೆ. ಈ ನದಿಯ ಕುರಿತು ದಂಡೆವಾದಿಗಳು, ಸೇತುವೆವಾದಿಗಳು ಎಂದು ಎರಡು ಪಂಥಗಳಿವೆ. ನೀರಿನ ಅಂಚಿನಲ್ಲಿ ಪ್ಯಾಂಟು ಮಡಚಿ ನಿಂತರೇ ಸೊಗಸೆಂದು ದಂಡೆವಾದಿಗಳ ಮತ. ರೈಲು ಸೇತುವೆಯೂ ಅದರ ಮೇಲೊಂದು ರೈಲೂ ಹಿಂದೆ ಬಾರದಿದ್ದರೆ ಅದು ಕೆರೆಯೋ ಹೊಳೆಯೋ ತಿಳಿಯದೆಂದು ಸೇತುವೆವಾದಿಗಳ ಮತ. ಎರಡನೆಯವರು ಉತ್ಸಾಹದಲ್ಲಿ ಹಳಿಯ ಮೇಲೆಯೇ ಹೋಗಿ ನಿಲ್ಲುವುದುಂಟು. ಅಂಥವರಿಗೆ 1989ರ ರೈಲ್ವೆ ಕಾಯ್ದೆಯ 147ನೆಯ ಕಲಮು ಆರು ತಿಂಗಳವರೆಗಿನ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಿ ವಿರಹವರ್ಣನೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುತ್ತದೆ. ಹಳಿಗೆ ಬೆನ್ನು ಕೊಡುವುದು ಈ ಶಾಸ್ತ್ರದಲ್ಲಿಯೂ ನಿಷಿದ್ಧ. ತಾಣವು ಬೆನ್ನಿನ ಹಿಂದೆ ಸುಮ್ಮನಿರಬೇಕೆಂಬುದು ಸೂತ್ರದ ಒಳ ಅರ್ಥವಾಗಿದ್ದು, ರೈಲು ಸುಮ್ಮನಿರುವ ವಸ್ತುವಲ್ಲ. ನದಿಯೂ ಎಲ್ಲ ಕಾಲಕ್ಕೂ ಸುಮ್ಮನಿರುವುದಿಲ್ಲ. 2019ರ ಆಗಸ್ಟಿನ ನೆರೆಯಲ್ಲಿ ವರದೆಯು ತಾನೇ ಹೊಲಗಳಿಗೂ ಮನೆಗಳಿಗೂ ನಡೆದು ಬಂದಾಗ ದಂಡೆಯ ಊರುಗಳಲ್ಲಿ ಅವಳಿಗೆ ಬೆನ್ನು ಕೊಟ್ಟು ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಎಮ್ಮೆಗಳ ಪ್ರಶ್ನೆಯನ್ನು ಹಿಂದಿನವರು ಅಲಕ್ಷಿಸಿದ್ದಾರೆ. ದಂಡೆಯ ಪ್ರತಿಯೊಂದು ಚಿತ್ರವೂ ಫೋಟೋಗ್ರಾಫರನು ಹಾಕುವ ‘ಏ ತಮ್ಮಾ, ಎಮ್ಮಿ ಒಂದೀಟು ಮಗ್ಗಲಕ ಹೊಡಿಯೋ’ ಎಂಬ ಮಂಗಳಾಚರಣೆಯಿಂದಲೇ ಮೊದಲಾಗುತ್ತದೆ. ಬಟ್ಟೆ ಒಗೆಯುವವರು ಏಳುತ್ತಾರೆ, ಮೋಟಾರು ಇಳಿಸುವವನು ಪೈಪು ಸರಿಸುತ್ತಾನೆ, ಮೀನಿನವನು ಬಲೆ ಸುತ್ತಿಕೊಳ್ಳುತ್ತಾನೆ. ಹೀಗೆ ಹೊಳೆಯಿಂದ ಹೊಳೆಯ ಸಂಸಾರವನ್ನೆಲ್ಲ ಖಾಲಿ ಮಾಡಿಸಿದ ಮೇಲೆ ಉಳಿಯುವುದಕ್ಕೆ ಆಲ್ಬಮ್ಮಿನಲ್ಲಿ ‘ನೈಸರ್ಗಿಕ’ ಎಂಬ ಪಾರಿಭಾಷಿಕ ಹೆಸರಿದೆ. ಖಾಲಿ ಮಾಡಿಸಲು ಹಿಡಿಯುವ ಹೊತ್ತು ಚಿತ್ರ ತೆಗೆಯಲು ಹಿಡಿಯುವ ಹೊತ್ತಿಗಿಂತ ಯಾವಾಗಲೂ ಹೆಚ್ಚು.

ವರದೆಯು ತುಂಗಭದ್ರೆಯನ್ನು ಸೇರುವ ಗಳಗನಾಥದಲ್ಲಿ ಜಲಕ್ರೀಡೆಗೆ ಅವಕಾಶವಿದ್ದರೂ ಗಳಗೇಶ್ವರನ ಗುಡಿಯು ಬುಡದಲ್ಲಿ ಪಿರಮಿಡ್ಡಿನಂತೆ ಮೆಟ್ಟಿಲುಮೆಟ್ಟಿಲಾಗಿ ಹರಡಿಕೊಂಡಿರುವುದರಿಂದ ಜನ ನೀರಿಗಿಂತ ಕಲ್ಲಿಗೇ ಹೆಚ್ಚಾಗಿ ಬೆನ್ನು ಕೊಡುತ್ತಾರೆ. ಈ ಊರನ್ನೇ ಕಾವ್ಯನಾಮ ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಎಂಬುವರು ಊರಿನ ಹೆಸರನ್ನು ಮುಂದಿಟ್ಟು ತಮ್ಮ ಹೆಸರನ್ನು ಹಿಂದಕ್ಕೆ ಸರಿಸಿದರು; ಇಂದಿನ ಪದ್ಧತಿ ಇದಕ್ಕೆ ತದ್ವಿರುದ್ಧ. ಹೊಳೆಯ ಮೇಲ್ಭಾಗದ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರನ ಗುಡಿ, ಗುತ್ತಲದ ಅರಸರ ಶಾಸನಗಳು, ತುಂಗಭದ್ರೆಯ ವಿಸ್ತಾರ ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುವುದರಿಂದ ಅದಕ್ಕೆ ಉತ್ತಮ ತಾಣವೆಂಬ ಪದವಿ ಸಲ್ಲುತ್ತದೆ. ಅಲ್ಲಿ ಜೋಡಿಗಳು ದೋಣಿ ಹತ್ತುತ್ತವೆ, ಹುಟ್ಟು ಹಿಡಿಯುತ್ತವೆ, ಆಚೆ ದಡದ ಕಡೆ ಕೈ ತೋರಿಸುತ್ತವೆ, ಹತ್ತಿದ ದಡದಲ್ಲಿಯೇ ಇಳಿಯುತ್ತವೆ. ಜನರನ್ನು ದಾಟಿಸುವುದೇ ಕಾಯಕವಾಗಿದ್ದ ಅಂಬಿಗರ ಚೌಡಯ್ಯನ ಊರು ಇದೆಂಬುದನ್ನೂ, ಶರಣರಲ್ಲೆಲ್ಲ ಅವನ ನಾಲಗೆಯೇ ಹೆಚ್ಚು ಹರಿತವಾಗಿತ್ತೆಂಬುದನ್ನೂ ನೆನೆದರೆ, ದಾಟದೆ ದೋಣಿ ಹತ್ತುವವರ ವಿಷಯದಲ್ಲಿ ಅವನ ವಚನ ಹೇಗಿರುತ್ತಿತ್ತೆಂದು ಊಹಿಸದಿರುವುದೇ ಎರಡೂ ಕಡೆಯ ಬೀಗರಿಗೆ ಕ್ಷೇಮ.

ಗುಡಿಗಳಲ್ಲಿ ಬೆನ್ನುಸೂತ್ರಕ್ಕೆ ಒಂದು ತೊಡಕು ಬರುತ್ತದೆ. ದೇವರಿಗೆ ಬೆನ್ನು ತೋರಿಸಬಾರದೆಂದು ಮನೆಯ ಹಿರಿಯರು ಕಲಿಸಿದ್ದಾರೆ. ಕ್ಯಾಮೆರಾಕ್ಕೆ ಬೆನ್ನು ತೋರಿಸಬಾರದೆಂದು ಫೋಟೋಗ್ರಾಫರ್ ಒದರುತ್ತಿದ್ದಾನೆ. ಈ ಎರಡು ವಿಧಿಗಳ ಘರ್ಷಣೆಯಿಂದ ಹುಟ್ಟಿದ್ದೇ ಓರೆನಿಲುವು: ಸೊಂಟ ಒಂದು ಕಡೆ, ಹೆಗಲು ಒಂದು ಕಡೆ, ಕತ್ತು ಮತ್ತೊಂದು ಕಡೆ. ಶಿಲ್ಪಶಾಸ್ತ್ರದಲ್ಲಿ ಇದಕ್ಕೆ ತ್ರಿಭಂಗವೆಂಬ ಹೆಸರಿದ್ದು, ಮದನಿಕೆಯರು ಹಾಗೆ ನಿಂತದ್ದೂ ಇದೇ ಸಂಕಟದಿಂದ ಎಂದು ಹೇಳಲು ಅಡ್ಡಿಯಿಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಸಾಕ್ಷ್ಯ ಇನ್ನೂ ಪ್ರಬಲ. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಮೂಡಣಕ್ಕೆ ಮುಖ ಮಾಡಿದ್ದರೆ, ಬಳಪದ ಕಲ್ಲಿನ ಈ ಗುಡಿ ಪಡುವಣಕ್ಕೆ ತಿರುಗಿದೆ. ಇತಿಹಾಸಕಾರರು ಇದಕ್ಕೆ ನಾನಾ ಕಾರಣಗಳನ್ನು ಹುಡುಕಿದರೂ, ಸಂಜೆ ಐದರ ಹೊನ್ನಬಿಸಿಲು ನೇರವಾಗಿ ಬಾಗಿಲ ಮೇಲೆ ಬೀಳುವುದನ್ನೂ, ಅದೇ ಹೊತ್ತಿಗೆ ಫೋಟೋಗ್ರಾಫರುಗಳು ಅಲ್ಲಿ ನೆರೆಯುವುದನ್ನೂ ಕೂಡಿಸಿ ನೋಡಿದರೆ, ಹನ್ನೊಂದನೆಯ ಶತಮಾನದ ಸ್ಥಪತಿಯ ದೂರದೃಷ್ಟಿಯು ತಾನಾಗಿಯೇ ಬೆಳಗುತ್ತದೆ.

ಇನ್ನು ಸಮುದ್ರವರ್ಣನೆ. ಹಾವೇರಿ ಜಿಲ್ಲೆಗೆ ಸಮುದ್ರವಿಲ್ಲ. ಅದಿಲ್ಲದೆ ಹದಿನೆಂಟು ಪೂರ್ತಿಯಾಗುವುದಿಲ್ಲ. ಕಾರವಾರದ ತನಕ ಹೋಗಿ ಬರುವುದು ಖರ್ಚಿನ ಬಾಬತ್ತು. ಈ ಕೊರತೆಯನ್ನು ಬ್ಯಾಡಗಿ ತುಂಬಿಕೊಟ್ಟಿದೆ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಸುತ್ತ ಬಯಲುಗಳಲ್ಲಿ ಒಣಹಾಕಿದ ಮೆಣಸಿನಕಾಯಿಯು ಕಣ್ಣು ಹಾಯುವವರೆಗೆ ಕೆಂಪಗೆ ಹರಡಿರುವಾಗ ಅದನ್ನು ರಕ್ತವರ್ಣದ ಸಮುದ್ರವೆಂದು ಕರೆಯದ ಕವಿಯನ್ನು ಕವಿಯೆನ್ನಲಾಗದು. ಅಲೆಗಳಂತೆ ನೆರಿಗೆನೆರಿಗೆಯಾದ ಕಾಯಿ ಡಬ್ಬಿ ಅಥವಾ ಕಡ್ಡಿ; ಡಬ್ಬಿ ಎಂದರೆ ಗಿಡ್ಡನೆಯ ದುಂಡುಕಾಯಿ, ಕಡ್ಡಿ ಎಂದರೆ ಹೆಸರೇ ಹೇಳುವಂತೆ ಉದ್ದನೆಯದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಇದರ ಖ್ಯಾತಿ. 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಈ ಸೀಮೆಯ ಸರಕೆಂಬ ಕಾನೂನಿನ ಮುದ್ರೆ, ಇದಕ್ಕೆ ದೊರೆಯಿತು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಲಕ್ಷಣವು ಫೋಟೋ ತಾಣದ ಆದರ್ಶವನ್ನೇ ಹೇಳುವಂತಿದೆ. ಇದರಿಂದ ತೆಗೆದ ಬಣ್ಣದೆಣ್ಣೆಯನ್ನು ತುಟಿರಂಗು, ಉಗುರುರಂಗುಗಳಿಗೂ ಬಳಸುತ್ತಾರೆ. ಆದ್ದರಿಂದ ಇಲ್ಲಿ ನಿಂತ ವಧುವು ಯಾವುದಕ್ಕೆ ಬೆನ್ನು ಕೊಟ್ಟಿರುವಳೋ ಅದನ್ನೇ ತುಟಿಗೂ ಹಚ್ಚಿಕೊಂಡಿರುವ ಸಂಭವವಿದ್ದು, ಹಿನ್ನೆಲೆಯೂ ಮುನ್ನೆಲೆಯೂ ಒಂದೇ ಆಗುವ ಈ ಅದ್ವೈತ ಬೇರೆ ತಾಣಗಳಲ್ಲಿ ಅಲಭ್ಯ.

ಖಾರ ಕಡಿಮೆಯೆಂದು ನಂಬಿ ಹೋದವರಿಗೆ ಘಾಟು ಬೇರೆಯೆಂಬುದು ಅಲ್ಲಿ ತಿಳಿಯುತ್ತದೆ. ಗಾಳಿ ತಿರುಗಿದ ಕೂಡಲೇ ವರನಿಗೆ ಸೀನು, ವಧುವಿಗೆ ಕಣ್ಣೀರು. ಗ್ಲಿಸರಿನ್ನಿನ ನೆರವಿಲ್ಲದೆ ವಿರಹವರ್ಣನೆಯು ಸಮುದ್ರವರ್ಣನೆಯೊಳಗೇ ಸಿದ್ಧಿಸುತ್ತದೆ. ಡ್ರೋನು ಏರಿಸಿ ಮೇಲಿನಿಂದ ತೆಗೆದ ಚಿತ್ರದಲ್ಲಿ ಬೆನ್ನೂ ಇಲ್ಲ ಮುಖವೂ ಇಲ್ಲ, ಬರೀ ನೆತ್ತಿ. ಬಿಳಿ ಉಡುಪಿನ ಜೋಡಿಯು ಕೆಂಪು ರಾಶಿಯಲ್ಲಿ ಆರಿಸದೆ ಉಳಿದ ಎರಡು ಬಿಳಿಗಾಯಿಗಳಂತೆ ಕಾಣುತ್ತದೆ. ಕಾಯಿ ಆರಿಸುತ್ತ, ತೊಟ್ಟು ಬಿಡಿಸುತ್ತ ಕೂತ ಹೆಣ್ಣುಮಕ್ಕಳು ದಿನವಿಡೀ ಅದೇ ಘಾಟಿನಲ್ಲಿ, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಯಾರಿಗೂ ಬೆನ್ನು ಕೊಡದೆ ಕಾಯಿಗೆ ಮುಖ ಮಾಡಿ ಕೂತಿರುತ್ತಾರೆ. ಚೌಕಟ್ಟಿನಿಂದ ಸರಿಯಿರೆಂದು ಹೇಳಿದಾಗ ಅವರಿಂದ ಬರುವ ‘ಕಾಯಿ ತುಳೀಬ್ಯಾಡ್ರಿ, ಮಾಲ ಸಾವ್ಕಾರಂದೈತಿ’ ಎಂಬ ಉತ್ತರವು ಈ ಶಾಸ್ತ್ರದಲ್ಲಿ ಇದುವರೆಗೆ ಲಭ್ಯವಾದ ಏಕೈಕ ಸ್ಥಳೀಯ ಭಾಷ್ಯ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಮರಗಳು ಹುಣಸೆಯಲ್ಲ, ಆಫ್ರಿಕ ಮೂಲದ ಬಾವೋಬಾಬ್. ಅಪ್ಪಿಕೊಂಡು ನಿಂತರೆ ಅಪ್ಪಿದವರೇ ಸಣ್ಣವರಾಗಿ ಕಾಣುವುದರಿಂದ ಮಧ್ಯಮ ತಾಣ. ಅವುಗಳಲ್ಲೊಂದು 2023ರ ಮಳೆಯಲ್ಲಿ ಉರುಳಿ ಬಿದ್ದು, ಮತ್ತೆ ಎತ್ತಿ ನೆಡಲ್ಪಟ್ಟಿತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಸ್ಥಾಪಿತವಾಗಿ 119 ಚದರ ಕಿಲೋಮೀಟರ್ ಹರಡಿಕೊಂಡಿದ್ದರೂ ಸೂತ್ರವನ್ನು ತಲೆಕೆಳಗು ಮಾಡುವುದರಿಂದ ಅಧಮ: ಅಲ್ಲಿ ಮನುಷ್ಯನು ದೃಶ್ಯಕ್ಕೆ ಬೆನ್ನು ಕೊಡುವ ಮೊದಲೇ ದೃಶ್ಯವು ಮನುಷ್ಯನಿಗೆ ಬೆನ್ನು ಕೊಟ್ಟು ಜಿಗಿಯುತ್ತ ನೀಲಗಿರಿ ಮರಗಳ ನಡುವೆ ಮಾಯವಾಗುತ್ತದೆ. ರೈತರು ಎರೆಭೂತವೆಂದು ಕರೆಯುತ್ತಿದ್ದ ದೊಡ್ಡ ಹಕ್ಕಿಯಂತೂ ಈ ಸೀಮೆಗೇ ಬೆನ್ನು ತಿರುಗಿಸಿ ಹೋಗಿಬಿಟ್ಟಿದೆ.

ಕಾಗಿನೆಲೆಯ ವಿಷಯದಲ್ಲಿ ಈ ಮೀಮಾಂಸೆಗೆ ನಿಜವಾದ ತೊಂದರೆ ಒದಗುತ್ತದೆ. ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ಕನಕದಾಸರು ಉಡುಪಿಯಲ್ಲಿ ಗುಡಿಯ ಹೊರಗೆ, ಹಿಂಬದಿಯಲ್ಲಿ ನಿಂತಿದ್ದಾಗ ಕೃಷ್ಣನು ಪಡುವಣಕ್ಕೆ ತಿರುಗಿ ದರ್ಶನ ಕೊಟ್ಟನೆಂಬುದು ಐತಿಹ್ಯ. ಮನುಷ್ಯನಿಗೆ ಬೆನ್ನಾಗಿದ್ದ ದೇವರೇ ತಿರುಗಿದ ಈ ಪ್ರಸಂಗವು ನಮ್ಮ ಸೂತ್ರಕ್ಕೆ ಒಗ್ಗುವುದಿಲ್ಲ. ಅದನ್ನು ಅಪವಾದವೆಂದು ಕರೆದು ಮುಂದೆ ಹೋಗುವುದೇ ಶಾಸ್ತ್ರಕಾರರ ವಾಡಿಕೆ. ಕಾಗಿನೆಲೆಗೆ ಬರುವವರೂ ಕನಕದಾಸರ ಸ್ಮಾರಕಕ್ಕೆ ಕೈಮುಗಿದು, ಕೂಡಲೇ ತಿರುಗಿ ಅದಕ್ಕೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಕ್ಷೇತ್ರವು ತಾಣವಾಗಲು ಬೇಕಾಗುವ ಕಾಲ ಹೀಗೆ ನೂರ ಎಂಬತ್ತು ಡಿಗ್ರಿ ತಿರುಗುವಷ್ಟು.

ಹದಿನೆಂಟು ವರ್ಣನೆಗಳಲ್ಲಿ ಉಳಿದದ್ದು ಯುದ್ಧ ಮತ್ತು ನಾಯಕನ ಅಭ್ಯುದಯ. ಇವೆರಡಕ್ಕೂ ಕರ್ಜಗಿಗೇ ಮರಳಬೇಕು. ಕಾರಹುಣ್ಣಿಮೆಯ ಹೊತ್ತಿಗೆ ಅಲ್ಲಿ ನಡೆಯುವ ಕರಿಬಂಡಿಯ ಹಬ್ಬಕ್ಕೆ ಸುತ್ತಲ ಊರುಗಳ ಜನ ಕೂಡುತ್ತಾರೆ. ಕೊಂಬಿಗೆ ಬಣ್ಣ, ಮೈಗೆ ಜೂಲು ಹೊದ್ದ ಎತ್ತುಗಳು ಓಣಿಗೆ ಇಳಿಯುತ್ತವೆ. ಅಂದು ಆ ಓಣಿಯಲ್ಲಿ ಯಾರ ಬೆನ್ನೂ ಎತ್ತುಗಳ ಕಡೆ ಇರುವುದಿಲ್ಲ. ಮಾಳಿಗೆಯ ಮೇಲಿನ ಹೆಂಗಸರು, ಕಟ್ಟೆಯ ಹಿರಿಯರು, ಮರ ಹತ್ತಿದ ಹುಡುಗರು, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೇಕೆ ಹಾಕುತ್ತಿರುವುದರಿಂದ ಲಕ್ಷಣಸೂತ್ರದ ಪ್ರಕಾರ ಅದು ತಾಣವೇ ಅಲ್ಲವೆಂದು ತೀರ್ಮಾನಿಸಬೇಕಾಗುತ್ತದೆ. ಆದಿತಾಣವೇ ತಾಣವಲ್ಲವಾದರೆ ಗ್ರಂಥದ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಲೆಂದು ಹಾವೇರಿಯಿಂದ ಬರುವ ಫೋಟೋಗ್ರಾಫರನು ಓಣಿಯ ನಡುವೆ ಮೂರು ಕಾಲಿನ ಸ್ಟ್ಯಾಂಡು ಊರಿ ಕಣ್ಣು ಕಿರಿದು ಮಾಡಿಕೊಂಡಿರುವಾಗ ‘ಬಂತ್ರೋ, ಸರೀರಿ ಹಿಂದಕ’ ಎಂಬ ಕೂಗು ಕೇಳುತ್ತದೆ. ಅವನಿಗೆ ಸಿಗುವ ಚಿತ್ರದಲ್ಲಿ ಧೂಳಿದೆ, ಒಂದು ಕೊಂಬಿದೆ, ಅಲುಗಾಡಿದ ಆಕಾಶವಿದೆ; ಓಡುತ್ತಿರುವ ಅವನದೇ ಬೆನ್ನು ಮಾತ್ರ ಮಾಳಿಗೆಯ ಮೇಲೆ ನಿಂತ ಯಾವುದೋ ಹುಡುಗಿಯ ಫೋನಿನಲ್ಲಿ ಸ್ಪಷ್ಟವಾಗಿ ಮೂಡಿದೆ.