ತಲೆಯ ಮೇಲೆ ಕುಕ್ಕರ್

ಕಚೇರಿಯಲ್ಲಿ ನನಗೆ ‘ರೂಲ್ಸ್ ರಾಯರು’ ಎಂಬ ಬಿರುದಿದೆ. ಬೆನ್ನ ಹಿಂದೆ ಕೊಟ್ಟದ್ದು. 2021ರವರೆಗೆ ಜಾರಿಯಲ್ಲಿದ್ದ 1966ರ ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳಲ್ಲಿ ಐದನೆಯದಂತೂ ನನಗೆ ಬಾಯಿಪಾಠ. ಸರ್ಕಾರಿ ನೌಕರ ಯಾವ ಪಕ್ಷಕ್ಕೂ ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಓಟು ಹಾಕಬಹುದು, ಯಾರಿಗೆಂದು ಸುಳಿವು ಕೊಡುವಂತಿಲ್ಲ. ಟೀ ಅಂಗಡಿಯಲ್ಲಿ ಯಾರಾದರೂ “ಈ ಸಲ ಯಾರು ಸಾರ್?” ಅಂದರೆ ನಾನು ಗಾಜಿನ ಭರಣಿಯ ಬಿಸ್ಕತ್ತು ಎಣಿಸುತ್ತೇನೆ.

2020ರ ಡಿಸೆಂಬರಿನಲ್ಲಿ ಹೆಂಡತಿಯ ತಮ್ಮ ಗ್ರಾಮ ಪಂಚಾಯಿತಿಗೆ ನಿಂತ. ಸಿಕ್ಕ ಚಿಹ್ನೆ ಪ್ರೆಶರ್ ಕುಕ್ಕರ್.

“ಪಂಚಾಯಿತೀಲಿ ಪಕ್ಷವೇ ಇಲ್ವಲ್ಲ ಭಾವ, ನಿಮಗೇನು ಭಯ?” ಅಂದ. ಸ್ಥಳೀಯ ಸಂಸ್ಥೆಗಳ ಚುನಾವಣೆಗೂ ನಿಯಮ ಅನ್ವಯಿಸುತ್ತದೆ ಎಂದು ಅರ್ಧ ಗಂಟೆ ಪಾಠ ಹೇಳಿದೆ. ಉಪ್ಪಿಟ್ಟು ಮುಗಿಸಿ ಎದ್ದುಹೋದ.

ಆ ರಾತ್ರಿ ನಿಯಮದ ವಿವರಣೆ ನೆನಪಾಗಿ ಎದ್ದು ಕೂತೆ. ನೌಕರ ತನ್ನ ಮೈಮೇಲೆ, ವಾಹನದ ಮೇಲೆ, ಮನೆಯ ಮೇಲೆ ಚುನಾವಣಾ ಚಿಹ್ನೆ ಪ್ರದರ್ಶಿಸಿದರೆ ಪ್ರಭಾವ ಬಳಸಿದಂತೆಯೇ ಲೆಕ್ಕ. ನಮ್ಮ ಅಡುಗೆಮನೆ ಕಿಟಕಿ ಬೀದಿಗೆ. ಕಟ್ಟೆಯ ಮೇಲೆ ಐದು ಲೀಟರಿನ ಕುಕ್ಕರ್, ದಿನಕ್ಕೆ ಮೂರು ಹೊತ್ತು ಸೀಟಿ ಹೊಡೆದು ಪ್ರಚಾರ!

“ಓಟು ಮುಗಿಯೋವರೆಗೂ ಷಡ್ಡಕನ ಮನೇಲಿ ಇಟ್ಟು ಬರ್ತೀನಿ” ಅಂದೆ.

“ಅಲ್ಲಿವರೆಗೂ ಬೇಳೆ ನಿಮ್ಮ ರೂಲ್ಸ್ ಬುಕ್ಕಲ್ಲಿ ಬೇಯಿಸ್ಲಾ?” ಅಂದಳು ಇವಳು.

ಬೆಳಗ್ಗೆ ಕುಕ್ಕರನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು ಹೊರಟೆ. ಹಳೇ ಸೀರೆ ಸುತ್ತಿದ್ದೆ. ಅರಳೀಕಟ್ಟೆ ದಾಟುವಷ್ಟರಲ್ಲಿ ಗಾಳಿಗೆ ಅದು ಬಿಚ್ಚಿಕೊಂಡು ಹಿಂದಿನ ಚಕ್ರಕ್ಕೆ ಸುತ್ತಿತು. ಗಾಡಿ ನಿಂತಿತು. ನಿಲ್ಲಲು ಅದಕ್ಕೆ ಬೇರೆ ಜಾಗ ಸಿಗಲಿಲ್ಲ, ಎದುರಾಳಿಯ ಚುನಾವಣಾ ಕಚೇರಿ ಮುಂದೆಯೇ ನಿಲ್ಲಬೇಕೇ? ಸೀರೆ ಬಿಡಿಸಲು ಎರಡೂ ಕೈ ಬೇಕು. ಕುಕ್ಕರನ್ನು ಕೆಳಗಿಟ್ಟರೆ ಮೋರಿ. ಯೋಚಿಸಿ ತಲೆಯ ಮೇಲಿಟ್ಟುಕೊಂಡೆ.

“ಕುಕ್ಕರ್‌ಗೇ ಓಟು!” ಎಂದು ಮಕ್ಕಳು ಕೂಗಿದವು. ಯಾರೋ ಫೋಟೊ ತೆಗೆದರು. ನಾನು ಕಚೇರಿ ತಲುಪುವ ಮೊದಲೇ ಅದು ತಲುಪಿತ್ತು.

ಸಾಹೇಬರು ಮೊಬೈಲನ್ನು ನನ್ನತ್ತ ತಿರುಗಿಸಿದರು. “ಏನ್ರೀ ಇದು?”

ಮನೆಯಲ್ಲಿ ಚಿಹ್ನೆ ಇರಬಾರದೆಂದು ವಾಹನದಲ್ಲಿಟ್ಟೆ, ವಾಹನದಿಂದ ಮೈಮೇಲೆ ಬಂತು ಎಂದು ನಡೆದದ್ದನ್ನು ನಡೆದಂತೆ ಹೇಳಿದೆ. ಹೇಳುತ್ತಿದ್ದಂತೆ ನಿಯಮದ ಮೂರೂ ಜಾಗ ನಾನೇ ಭರ್ತಿ ಮಾಡಿದ್ದು ಹೊಳೆಯಿತು.

“ಅಡುಗೆಮನೇಲಿ ಕುಕ್ಕರ್ ಇದ್ರೆ ಅದು ಪಾತ್ರೆ ಕಣ್ರೀ. ತಲೆ ಮೇಲಿಟ್ಕೊಂಡು ಮೆರವಣಿಗೆ ಹೋದ್ರೆ ಚಿಹ್ನೆ” ಎಂದರು. ಲಿಖಿತ ವಿವರಣೆ ಕೇಳಿದರು. ನಾಲ್ಕು ಪುಟ ಬರೆದೆ; ಅದನ್ನೋದಿ ಅವರು ಕ್ರಮ ಬೇಡವೆಂದು ಕೈಬಿಟ್ಟರು. ಕಾರಣ ಕರುಣೆಯೋ ಸುಸ್ತೋ.

ಭಾವಮೈದುನ ಸೋತ. ಎಣಿಕೆ ಮುಗಿದ ರಾತ್ರಿ ಇವಳು ಕೇಳಿದಳು: “ನಿಜ ಹೇಳಿ, ನನ್ನ ತಮ್ಮನಿಗೆ ಓಟು ಹಾಕಿದ್ರಾ?”

ನಿಯಮದ ಪ್ರಕಾರ ಹೇಳುವಂತಿಲ್ಲ ಅಂದೆ.

ಅವತ್ತು ತಟ್ಟೆಗೆ ಬಿದ್ದ ಅನ್ನ ಅರ್ಧ ಬೆಂದಿತ್ತು. ಯಾಕೆ ಅಂತ ಕೇಳಿದರೆ, ಅದನ್ನು ಹೇಳೋಕೆ ಅವಳಿಗೂ ನಿಯಮ ಇಲ್ಲವಂತೆ.