ಆಫ್ ಮಾಡಿ ಆನ್ ಮಾಡಿ

“ನಮಸ್ಕಾರ ಸಾರ್. ಮೋಡೆಮ್ ಆಫ್ ಮಾಡಿ ಆನ್ ಮಾಡಿದ್ರಾ?”

“ತೊಂದರೆ ಏನು ಅಂತ ಕೇಳೋಕೆ ಮುಂಚೇನೇ ಪರಿಹಾರನಾ? ಮಾಡ್ದೆ ಕಣಪ್ಪ. ಸ್ವಲ್ಪ ಹೊತ್ತು ಬರುತ್ತೆ, ಆಮೇಲೆ ಹೋಗುತ್ತೆ.”

“ಹಾಗಾದ್ರೆ ಇನ್ನೊಂದ್ಸಲ ಮಾಡಿ ಸಾರ್.”

“ಬೇಡ. ಮೋಡೆಮ್‌ನ ಪುಟ 192.168.100.1 ತೆರೆದು ನೋಡಿದೀನಿ. ಒಳಗೆ ಬರೋ ಸಿಗ್ನಲ್ ಮೈನಸ್ 14 ಡಿಬಿಎಂವಿ ಇದೆ. ಸೊನ್ನೆ ಆಸುಪಾಸು ಇರಬೇಕಿತ್ತು. ಮೈನಸ್ 15 ದಾಟಿದ್ರೆ ಮೋಡೆಮ್ ಕೈಚೆಲ್ಲುತ್ತೆ.”

(ಆ ಕಡೆ ಮೌನ. ಗ್ರಾಹಕನಿಗೆ ವಿಷಯ ಗೊತ್ತಿದೆ ಅಂದರೆ ಆಗುವ ದಿಗಿಲು, ಬೀದಿಯ ಕೇಬಲ್ ಪೂರ್ತಿ ಕಿತ್ತರೂ ಇವರಿಗೆ ಆಗುವುದಿಲ್ಲ.)

“ನಮ್ಮ ಕಡೆ ಎಲ್ಲಾ ಹಸಿರು ತೋರಿಸ್ತಿದೆ ಸಾರ್.”

“ನಮ್ಮ ಕಡೇನೂ ಹಸಿರೇ! ಮಹಡಿ ಮೇಲಿನ ಕನೆಕ್ಟರ್ ಮಳೆನೀರು ಕುಡಿದು ಹಸಿರು ಕಿಲುಬು ಹಿಡಿದಿದೆ. ಅದರ ಮೇಲೆ ನಿಮ್ಮ ಹುಡುಗ ಸ್ಪ್ಲಿಟರ್‌ಗೆ ಸ್ಪ್ಲಿಟರ್ ಪೋಣಿಸಿ ಹೋಗಿದಾನೆ. ಎರಡು ಕವಲಿನದು ಒಂದೊಂದೂ ಸುಮಾರು 3.5 ಡೆಸಿಬೆಲ್ ತಿನ್ನುತ್ತೆ. ಮೂರು ದಾಟಿ ಬರೋವಾಗ ಹತ್ತಕ್ಕೂ ಹೆಚ್ಚು ಖಾಲಿ. ಪ್ರಸಾದದ ಸಾಲಲ್ಲಿ ಕೊನೆಗೆ ನಿಂತವನಿಗೆ ಎಲೆ ಮಾತ್ರ ಸಿಕ್ಕ ಹಾಗೆ.”

“ದೂರು ಬರ್ಕೊಂಡೆ ಸಾರ್.”

“ಹಿಂದಿನ ದೂರು ಏನಾಯ್ತು?”

“ಮುಗಿಸಿದೀವಿ. ‘ಗ್ರಾಹಕರು ತೃಪ್ತರು’ ಅಂತ.”

“ಯಾರಯ್ಯಾ ಹೇಳಿದ್ದು?”

“ಇಮೇಲ್ ಕಳಿಸಿದ್ವಿ. ನೀವು ಆಕ್ಷೇಪಿಸಲಿಲ್ಲ.”

“ಇಂಟರ್ನೆಟ್ ಇದ್ರೆ ತಾನೇ!”

“ಅದಕ್ಕೇ ಸಾರ್, ಒಂದ್ಸಲ ಆಫ್ ಮಾಡಿ…”

ಓದುಗರೇ, ಹೊಸ ಮೋಡೆಮ್‌ಗೆ ದುಡ್ಡು ಸುರಿಯುವ ಮುನ್ನ ಸ್ಪ್ಲಿಟರ್‌ಗಳನ್ನು ಬಿಚ್ಚಿ, ಹೊರಗಿನಿಂದ ಬರುವ ಕೇಬಲನ್ನು ನೇರವಾಗಿ ಮೋಡೆಮ್‌ಗೆ ಸಿಕ್ಕಿಸಿ ನೋಡಿ. ಆಗ ಸಂಪರ್ಕ ಕಡಿಯದೆ ಉಳಿದರೆ ಮೋಡೆಮ್ ನಿರಪರಾಧಿ.