ಹಳದಿ ದೀಪ ಮೀಮಾಂಸೆ ಅಥವಾ ಹಳೇ ಕಾರು–ಹೊಸ ಚಕ್ರ ಪ್ರಾಮಾಣ್ಯ ವಿಚಾರ

ಟೈರಿನೊಳಗಿನ ಗಾಳಿ ಕಣ್ಣಿಗೆ ಕಾಣುವಂಥದ್ದಲ್ಲ. ಕಾಣದ್ದಕ್ಕೆ ಪ್ರಮಾಣ ಬೇಕು. ಈ ಶಾಸ್ತ್ರ ಹುಟ್ಟಿದ್ದೇ ಅಲ್ಲಿ. ಪ್ರಾಚೀನರು ಟೈರಿಗೊಂದು ಒದೆ ಕೊಟ್ಟು ಸತ್ಯ ತಿಳಿಯುತ್ತಿದ್ದರು. ಪಾದಪ್ರಹಾರ ಪ್ರಮಾಣ ಎನ್ನಬಹುದಾದ ಈ ಪದ್ಧತಿಗೆ ನಮ್ಮ ಪೆಟ್ರೋಲ್ ಬಂಕುಗಳಲ್ಲಿ ಇಂದಿಗೂ ಶಿಷ್ಯಪರಂಪರೆ ಉಂಟು. ಅಮೆರಿಕದಲ್ಲಿ ಮಾತ್ರ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುತ್ತಿದ್ದಂತೆಯೇ ಕಳಚಿಕೊಂಡು, ಫೋರ್ಡ್ ಎಕ್ಸ್‌ಪ್ಲೋರರ್‌ಗಳು ಮಗುಚಿ ಜನ ಸತ್ತ ಮೇಲೆ, 2000ರಲ್ಲಿ ಟ್ರೆಡ್ ಕಾಯ್ದೆ ಬಂತು. 2008ರ ಮಾಡೆಲ್ ಹೊತ್ತಿಗೆ ಅಲ್ಲಿನ ಪ್ರತಿ ಹೊಸ ಕಾರಿಗೂ ಗಾಳಿ ಕಾಯುವ ಹಳದಿ ದೀಪ ಕಡ್ಡಾಯ. ಒತ್ತಡ ಕಾಲುಭಾಗ ಇಳಿದರೆ, ಅಂದರೆ 32 ಪಿಎಸ್ಐ ಇರಬೇಕಾದ್ದು 24ಕ್ಕೆ ಬಂದರೆ, ದೀಪ ಹತ್ತಬೇಕು. ದೀಪ ಆರಿಸುವ ಚಿಂತೆಯೂ ಜನಕ್ಕೆ ಅಂದೇ ಹತ್ತಿಕೊಂಡಿತು.

ಗಾಳಿ ಇಳಿದದ್ದನ್ನು ತಿಳಿಯುವುದರಲ್ಲಿ ಎರಡು ಪಂಥ. ಅನುಮಾನವಾದಿಗಳು ಬ್ರೇಕಿನ ಎಬಿಎಸ್‌ನಿಂದ ಚಕ್ರದ ವೇಗವನ್ನಷ್ಟೇ ನೋಡುತ್ತಾರೆ. ಗಾಳಿ ಇಳಿದ ಚಕ್ರ ಗಿಡ್ಡವಾಗುತ್ತದೆ, ಗಿಡ್ಡವಾದದ್ದು ಜೋರಾಗಿ ತಿರುಗುತ್ತದೆ, ಜೋರಾಗಿ ತಿರುಗುವುದರಲ್ಲಿ ಗಾಳಿಯಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಎಂದಂತೆ. ನಾಲ್ಕೂ ಟೈರು ಸಮನಾಗಿ ಇಳಿದರೆ ಈ ತರ್ಕಕ್ಕೆ ನೆಲೆಯಿಲ್ಲ. ಆದರೆ ಚಕ್ರ ಯಾರದಾದರೇನು, ಅಳತೆ ಸರಿಯಿದ್ದರೆ ಇವರಿಗೆ ತಕರಾರಿಲ್ಲ.

ತಕರಾರೆಲ್ಲ ಪ್ರತ್ಯಕ್ಷವಾದಿಗಳದು. ಚಕ್ರದೊಳಗೇ ಸೆನ್ಸರ್ ಕೂರಿಸಿದ್ದರಿಂದ ಪ್ರತ್ಯಕ್ಷ ಎನ್ನುತ್ತಾರೆ. ಇದು ಚಿಂತ್ಯ. ಕಾರು ಗಾಳಿಯನ್ನು ಕಂಡಿಲ್ಲ. ಚಕ್ರ ರೇಡಿಯೊದಲ್ಲಿ ಹೇಳಿದ್ದನ್ನು ನಂಬಿದೆ. ಆದ್ದರಿಂದ ಇದು ಶುದ್ಧ ಶಬ್ದಪ್ರಮಾಣ. ಹೇಳುವವನು ಆಪ್ತನಾಗದೆ ಮಾತಿಗೆ ಬೆಲೆ ಎಲ್ಲಿಯದು?

ಚಳಿಗಾಲಕ್ಕೆಂದೇ ಇನ್ನೊಂದು ಸೆಟ್ ಚಕ್ರ ಇಟ್ಟುಕೊಳ್ಳುವ ಮಿನೆಸೋಟದಂಥ ಕಡೆ, ಹಳೇ ಕಾರಿಗೆ ಹೊಸ ಮಾಡೆಲ್ಲಿನ ಚಕ್ರ ಅಗ್ಗಕ್ಕೆ ಸಿಕ್ಕಿತೆಂದು ತರುವುದುಂಟು. ಬೋಲ್ಟಿನ ತೂತು ಕೂಡುತ್ತದೆ, ಆಫ್‌ಸೆಟ್ ಕೂಡುತ್ತದೆ. ಎಲ್ಲ ಕೂಡಿದ ಮೇಲೆ ದೀಪ ಒಂದು ನಿಮಿಷಕ್ಕೂ ಮಿಕ್ಕಿ ಮಿಣುಕಿ, ಆಮೇಲೆ ನೆಟ್ಟಗೆ ಉರಿಯುತ್ತದೆ. ಅನಭ್ಯಸ್ತರು ಗಾಳಿ ತುಂಬಿಸಲು ಓಡುತ್ತಾರೆ. ಮಿಣುಕದೆ ಉರಿದರೆ ಗಾಳಿ ಇಲ್ಲ. ಮಿಣುಕಿ ಉರಿದರೆ ಗಾಳಿಯ ಸುದ್ದಿಯೇ ಇಲ್ಲ. ಗಾಳಿಯ ಅಭಾವ ಬೇರೆ, ಜ್ಞಾನದ ಅಭಾವ ಬೇರೆ.

ಸುದ್ದಿ ಏಕಿಲ್ಲ? ಕಾರು 315 ಮೆಗಾಹರ್ಟ್ಸ್‌ಗೆ ಕಿವಿಗೊಟ್ಟಿದ್ದರೆ ಚಕ್ರ 433ರಲ್ಲಿ ಕೂಗುತ್ತಿರುತ್ತದೆ. ಟೆಸ್ಲಾ ಮಾಡೆಲ್ 3ರಲ್ಲಂತೂ ಮೊದಮೊದಲ ಕಾರುಗಳದು 433, ಆಮೇಲಿನವುಗಳದು ಬ್ಲೂಟೂತ್. ಒಂದೇ ಮನೆತನ, ಮಾತುಕತೆ ಮಾತ್ರ ಬಂದ್. ತರಂಗ ಕೂಡಿದರೂ ಸೆನ್ಸರಿನ ನಂಬರು ಕಾರಿನ ದಾಖಲೆಯಲ್ಲಿರಬೇಕು, ಇಲ್ಲದಿದ್ದರೆ ಕೇಳಿಯೂ ಕೇಳದಂತೆ ಇದ್ದುಬಿಡುತ್ತದೆ. (ಇದು ನ್ಯಾಯವೇ. ಸಿಗ್ನಲ್ಲಿನಲ್ಲಿ ಪಕ್ಕದವನ ಟೈರು ಇಳಿದದ್ದಕ್ಕೆ ನಮ್ಮ ದೀಪ ಹತ್ತಬಾರದು.) 2008ಕ್ಕೂ ಹಿಂದಿನ ಅನೇಕ ಕಾರುಗಳಿಗೆ ಕಿವಿಯೇ ಇಲ್ಲ, ದೀಪವೂ ಇಲ್ಲ. ಅವುಗಳ ಮಾಲೀಕರು ಜೀವನ್ಮುಕ್ತರು.

ಪರಿಹಾರ ಕರ್ಮಗಳಲ್ಲಿ ಮೊದಲನೆಯದು ಉಪದೇಶ: ಹೊಸ ಸೆನ್ಸರಿನ ನಂಬರನ್ನು ಕಾರಿಗೆ ಕಲಿಸುವುದು. ಜನರಲ್ ಮೋಟರ್ಸ್‌ನ ಹಲವು ಕಾರುಗಳಲ್ಲಿ ಮೆಕ್ಯಾನಿಕ್ ಕೈಯಲ್ಲಿ ಉಪಕರಣ ಹಿಡಿದು ಮುಂದಿನ ಎಡ ಚಕ್ರದ ವಾಲ್ವಿನ ಬಳಿ ನಿಲ್ಲುತ್ತಾನೆ. ಗುರುತು ಸಿಕ್ಕಿತೆಂದು ಹಾರ್ನ್ ಒಮ್ಮೆ ಕೂಗುತ್ತದೆ. ಆಮೇಲೆ ಮುಂದಿನ ಬಲ, ಹಿಂದಿನ ಬಲ, ಹಿಂದಿನ ಎಡ. ಮೇಲಿನಿಂದ ನೋಡಿದರೆ ಇದು ಶಾಸ್ತ್ರೋಕ್ತ ಪ್ರದಕ್ಷಿಣೆಯೇ. ಡೆಟ್ರಾಯಿಟ್‌ಗೆ ಆಗಮ ತಲುಪಿದ್ದು ಯಾವ ದಾರಿಯಲ್ಲಿ ಎಂಬುದು ಸಂಶೋಧನಾರ್ಹ. ಎರಡನೆಯದು ಪರಕಾಯ ಪ್ರವೇಶ: ಹಳೇ ಸೆನ್ಸರಿನ ನಂಬರನ್ನು ಹೊಸ ಖಾಲಿ ಸೆನ್ಸರಿಗೆ ಇಳಿಸಿ ಚಕ್ರದಲ್ಲಿಡುವುದು. ಕಾರಿಗೆ ಸುಳಿವೇ ಸಿಗುವುದಿಲ್ಲ. ಹಳೆಯದರ ಬ್ಯಾಟರಿ ಹೇಗೂ ಹತ್ತು ವರ್ಷದೊಳಗೆ ಕಣ್ಣು ಮುಚ್ಚುವಂಥದ್ದು, ಬದಲಿಸಲೂ ಬರುವುದಿಲ್ಲ.

ಮೂರನೆಯದು ವಾಮಾಚಾರ. ಒಂದು ದಪ್ಪ ಪಿವಿಸಿ ಪೈಪಿನೊಳಗೆ ಹಳೇ ಚಕ್ರಗಳಿಂದ ಕಿತ್ತ ನಾಲ್ಕು ಸೆನ್ಸರ್ ಹಾಕಿ, ಎರಡೂ ಬಾಯಿಗೆ ಬಿರಡೆ ಜಡಿದು, ವಾಲ್ವಿನಿಂದ 35 ಪಿಎಸ್ಐ ತುಂಬಿ, ಡಿಕ್ಕಿಯಲ್ಲಿ ಮಲಗಿಸುತ್ತಾರೆ. ಕೆಲವು ಕಾರುಗಳಲ್ಲಿ ಇದು ನಡೆಯುತ್ತದೆ. ನಾಲ್ವರೂ ಆಪ್ತರು, ನಾಲ್ವರೂ ಹೇಳುವುದು ನಿಜ, ದೀಪ ಶಾಂತ. ಹೇಳುತ್ತಿರುವುದು ಪೈಪಿನ ಸುದ್ದಿ, ಅಷ್ಟೇ. ಒಂದು ಟೈರು ಪೂರ್ತಿ ಚಪ್ಪಟೆಯಾದರೂ ಕಾರಿನ ಲೆಕ್ಕದಲ್ಲಿ ಸರ್ವಂ ಕ್ಷೇಮ. ಇನ್ನು ಪೈಪಿನ ಬಿರಡೆಯೇ ಸಡಿಲಾದರೆ ದೀಪ ಹತ್ತುತ್ತದೆ. ಪೈಪಿನ ಕತೆ ತಿಳಿಯದೆ ಆ ಕಾರು ಕೊಂಡವನು ಬಂಕಿಗೆ ಹೋಗಿ, ಸರಿಯಾಗಿಯೇ ಇರುವ ನಾಲ್ಕು ಟೈರಿಗೂ ಇನ್ನಷ್ಟು ಗಾಳಿ ಹೊಡೆಸುತ್ತಾನೆ. ದೀಪ ಆರುವುದಿಲ್ಲ. ಇನ್ನಷ್ಟು ಹೊಡೆಸುತ್ತಾನೆ.